ನೆಲ ಡೊಂಕಾಗಿರಲೂಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತನ್ನ ಕೊರತೆಯನ್ನು ಮರೆಸಲು ನೆಲವನ್ನು ದೂರುವವರ ಮೇಲಣ ಕಟಕಿಯದು. ಆದರೆ ನೆಲದ ಮೇಲಿನ ದೂರೆಲ್ಲವೂ ನೆಪವಾಗಿರುವುದಿಲ್ಲ. ಕೊಯ್ಲಾದ ಗದ್ದೆಯ ಬಯಲಾಟದಲ್ಲಿ ಧಿಗಿಣ ಹಾಕಿದ ಕಾಲಿಗೂ, ಸಭಾಭವನದ ಕಲ್ಲುಹಾಸಿನ ಮೇಲೆ ಧಿಗಿಣ ಹಾಕಿದ ಕಾಲಿಗೂ ಇರುವ ಅಂತರವನ್ನು ತೆಂಕುತಿಟ್ಟಿನ ವೇಷಧಾರಿಗಳು ಚೆನ್ನಾಗಿ ಬಲ್ಲರು. ಕುಣಿತಕ್ಕೆ ಸಲ್ಲುವ ಈ ಮಾತು ಆಟಕ್ಕೂ ಸಲ್ಲುತ್ತದೆ. ಅದರಲ್ಲಿಯೂ ಓಡುವುದು, ಥಟ್ಟನೆ ನಿಲ್ಲುವುದು, ನೆಗೆಯುವುದು, ನೆಗೆದು ಇಳಿಯುವುದು ಇವೇ ಜೀವಾಳವಾಗಿರುವ ಬಾಸ್ಕೆಟ್‌ಬಾಲಿಗೆ ಹೆಚ್ಚಾಗಿ ಸಲ್ಲುತ್ತದೆ.

ಶಾಲೆಗೊಂದು ಬಾಸ್ಕೆಟ್‌ಬಾಲ್ ಅಂಕಣ ಬೇಕೆಂಬ ಆಸೆ ಈಚೆಗೆ ಹಳ್ಳಿಗಳಲ್ಲಿಯೂ ಚಿಗುರಿದೆ. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಾರೆ; ರಕ್ಷಕ-ಶಿಕ್ಷಕ ಸಂಘ ಸಭೆ ಸೇರುತ್ತದೆ; ಗುತ್ತಿಗೆದಾರನು ಎಸ್ಟಿಮೇಟು ತರುತ್ತಾನೆ. ನೀಲಿಯೋ ಹಸುರೋ, ದೀಪದ ಕಂಬ ಎಷ್ಟು, ದಾನಿಗಳ ಹೆಸರಿನ ಫಲಕ ಎಲ್ಲಿ ಎಂಬ ವಿಷಯಗಳು ಗಂಟೆಗಟ್ಟಲೆ ಚರ್ಚೆಯಾಗುತ್ತವೆ. ಬಣ್ಣದ ಕೆಳಗೆ ಏನಿರಬೇಕು ಎಂಬ ಪ್ರಶ್ನೆ ಬರುವುದು ಅಪರೂಪ. ಅಂಕಣದ ಆಯುಸ್ಸೂ ಅದರ ಮೇಲೆ ಆಡುವ ಮಕ್ಕಳ ಮಂಡಿಯ ಆಯುಸ್ಸೂ ನಿರ್ಧಾರವಾಗುವುದು ಮಾತ್ರ ಆ ಪ್ರಶ್ನೆಯಿಂದಲೇ.

ಬಾಸ್ಕೆಟ್‌ಬಾಲಿನ ನೆಲಕ್ಕೆ ಮೂರು ಕರ್ತವ್ಯಗಳಿವೆ. ಪುಟಿಸಿದ ಚೆಂಡನ್ನು ಅದು ನಿಷ್ಠೆಯಿಂದ ಹಿಂದಿರುಗಿಸಬೇಕು. ನೆಗೆದಿಳಿಯುವ ದೇಹದ ಹೊಡೆತದಲ್ಲಿ ಒಂದು ಪಾಲನ್ನು ತಾನು ಹೊರಬೇಕು. ಓಡುವ ಕಾಲಿಗೆ ಹಿಡಿತವನ್ನು ಕೊಡಬೇಕು. ಹಾಗೆಂದು ಕಾಲನ್ನು ಹಿಡಿದೇ ನಿಲ್ಲಿಸಲೂಬಾರದು. ಮೊದಲ ಎರಡು ಕರ್ತವ್ಯಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾದವು. ಚೆಂಡು ಪುಟಿಯಲು ನೆಲ ಗಟ್ಟಿಯಾಗಿರಬೇಕು, ಕಾಲು ನೋಯದಿರಲು ಮೆತ್ತಗಿರಬೇಕು. ಈ ಇಕ್ಕಟ್ಟನ್ನು ಬಿಡಿಸುವುದಕ್ಕಾಗಿ ನೂರಮೂವತ್ತು ವರ್ಷಗಳಿಂದ ನಡೆದ ಪ್ರಯತ್ನವೇ ಅಂಕಣದ ನೆಲದ ಚರಿತ್ರೆ.

ಈ ಆಟ ಹುಟ್ಟಿದ್ದೇ ನೆಲದ ಕಾರಣದಿಂದ ಎಂದರೆ ತಪ್ಪಾಗದು. 1891ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಕೆನಡಾ ಮೂಲದ ಶಿಕ್ಷಕರಿಗೆ ಒಂದು ಸಮಸ್ಯೆ ಎದುರಾಗಿತ್ತು. ಹೊರಗೆ ಹಿಮ, ಒಳಗೆ ಕವಾಯತಿನಿಂದ ಬೇಸತ್ತ ಹದಿನೆಂಟು ಮಂದಿ ತರುಣರು. ಬಯಲಿನ ಫುಟ್‌ಬಾಲನ್ನು ಒಳಗೆ ಆಡಿಸೋಣವೆಂದರೆ ಹುಲ್ಲಿನ ಮೇಲೆ ಸಹ್ಯವಾಗುವ ಬೀಳುವಿಕೆ ವ್ಯಾಯಾಮಶಾಲೆಯ ಗಟ್ಟಿನೆಲದ ಮೇಲೆ ಮೂಳೆ ಮುರಿಯುವಂಥದ್ದು. ಚೆಂಡು ಹಿಡಿದು ಓಡುವವನನ್ನೇ ಕೆಡವುತ್ತಾರೆ. ಓಡುವುದನ್ನೇ ನಿಷೇಧಿಸಿದರೆ ಕೆಡವುವ ಪ್ರಸಂಗವೇ ಬರದು ಎಂದು ಅವರು ತರ್ಕಿಸಿದರು. ಹದಿಮೂರು ನಿಯಮಗಳು ಸಿದ್ಧವಾದವು. ಮೊಗಸಾಲೆಯ ಕಟಾಂಜನಕ್ಕೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹೊಡೆದು ನಿಲ್ಲಿಸಿದರು. ಬುಟ್ಟಿಯ ಎತ್ತರ ಇಂದಿಗೂ ಅಷ್ಟೇ ಉಳಿದಿದೆ. ಚೆಂಡು ಹಿಡಿದು ಓಡಬಾರದೆಂಬ ನಿಯಮವೂ ಉಳಿದಿದೆ.

ಓಡಬಾರದೆಂದ ಮೇಲೆ ಚೆಂಡಿನೊಡನೆ ಮುಂದೆ ಸಾಗುವ ಉಪಾಯವೇನು? ಅದನ್ನು ನೆಲಕ್ಕೆ ಪುಟಿಸುತ್ತ ಸಾಗುವುದು. ನೈಸ್ಮಿತರ ಮೂಲನಿಯಮಗಳಲ್ಲಿ ಡ್ರಿಬ್ಲಿಂಗ್ ಎಂಬುದೇ ಇರಲಿಲ್ಲ. ಆಡುವವರು ಅದನ್ನು ತಾವಾಗಿ ಕಂಡುಕೊಂಡರು. ಆಗಿನಿಂದ ನೆಲವು ಆಟದೊಳಗೇ ಸೇರಿಹೋಯಿತು. ಕಣ್ಣೆತ್ತಿ ಎದುರಾಳಿಯನ್ನು ನೋಡುತ್ತ, ಚೆಂಡನ್ನು ನೋಡದೆಯೇ ಪುಟಿಸುವವನು ನೆಲವನ್ನು ನಂಬಿ ಆಡುತ್ತಾನೆ. ಆ ನಂಬಿಕೆ ಒಂದು ಚದರಡಿಯಲ್ಲಿ ಸುಳ್ಳಾದರೂ ಆಟ ಕೆಡುತ್ತದೆ.

ಪೂರ್ತಿ ಸುಳ್ಳಾದರೆ ಏನಾಗುತ್ತದೆಂಬುದಕ್ಕೆ 1936ರ ಬರ್ಲಿನ್ ಒಲಿಂಪಿಕ್ಸ್ ಸಾಕ್ಷಿಯಾಗಿದೆ. ಬಾಸ್ಕೆಟ್‌ಬಾಲಿಗೆ ಒಲಿಂಪಿಕ್ಸಿನಲ್ಲಿ ಅಧಿಕೃತ ಸ್ಥಾನ ದೊರೆತದ್ದು ಆ ಬಾರಿ. ಆದರೆ ಸಂಘಟಕರು ಪಂದ್ಯಗಳನ್ನು ನಡೆಸಿದ್ದು ಬಯಲಿನಲ್ಲಿ, ಮಣ್ಣುಮರಳಿನ ಟೆನಿಸ್ ಅಂಕಣಗಳ ಮೇಲೆ. ಅಮೆರಿಕ ಮತ್ತು ಕೆನಡಾಗಳ ನಡುವಣ ಅಂತಿಮ ಪಂದ್ಯದ ದಿನ ಮಳೆ ಸುರಿಯಿತು. ಅಂಕಣ ಕೆಸರುಗದ್ದೆಯಾಯಿತು, ಪುಟಿಸಿದ ಚೆಂಡು ಮೇಲೇಳದೆ ನೀರಿನಲ್ಲಿ ತೇಲಿತು. ವಿರಾಮದ ವೇಳೆಗೆ 15-4. ದ್ವಿತೀಯಾರ್ಧದಲ್ಲಿ ಎರಡೂ ತಂಡಗಳು ಗಳಿಸಿದ್ದು ನಾಲ್ಕು ನಾಲ್ಕೇ ಅಂಕ. ಅಮೆರಿಕ 19-8ರಿಂದ ಗೆದ್ದಿತು. ತಾವು ಕಟ್ಟಿದ ಆಟ ಒಲಿಂಪಿಕ್ಸನ್ನು ಮುಟ್ಟಿದ್ದನ್ನು ಕಾಣಲು ವೃದ್ಧ ನೈಸ್ಮಿತರು ಬರ್ಲಿನ್ನಿಗೆ ಬಂದಿದ್ದರು. ಜಗತ್ತಿನ ಅತ್ಯುತ್ತಮ ಆಟಗಾರರ ಕೈಯಲ್ಲಿಯೂ ನೆಲವಿಲ್ಲದ ಬಾಸ್ಕೆಟ್‌ಬಾಲು ಬಾಸ್ಕೆಟ್‌ಬಾಲಾಗಿ ಉಳಿಯಲಿಲ್ಲ. ಮಹಾಯುದ್ಧದ ಬಳಿಕ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಟ ಮಾಡಿನ ಕೆಳಗೆ ಸೇರಿತು.

ಮಾಡಿನ ಕೆಳಗಣ ಅಂಕಣಕ್ಕೆ ರಾಜವಸ್ತುವೆಂದರೆ ಮೇಪಲ್ ಮರ. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಲಿನ ಶೀತಸೀಮೆಯಲ್ಲಿ ಬೆಳೆಯುವ ಗಟ್ಟಿಮೇಪಲ್ ಎಂಬ ಜಾತಿಯದು. ಸಕ್ಕರೆಪಾಕದಂಥ ಮೇಪಲ್ ರಸವನ್ನು ಕೊಡುವುದೂ ಇದೇ ಮರ. ಚಳಿಯಲ್ಲಿ ನಿಧಾನವಾಗಿ ಬೆಳೆಯುವುದರಿಂದ ಇದರ ಎಳೆ ಒತ್ತಾಗಿದೆ, ರಂಧ್ರಗಳು ಅತಿ ಸೂಕ್ಷ್ಮವಾಗಿವೆ. ಓಕ್ ಮರದ ಎಳೆ ಬಿಡಿಬಿಡಿಯಾದದ್ದು, ಅದರ ಸೀಳುಗಳಲ್ಲಿ ಧೂಳು ಕೂರುತ್ತದೆ. ಮೇಪಲ್ಲಿನಲ್ಲಿ ಕೂರುವುದಿಲ್ಲ, ಸಿಬಿರೂ ಸುಲಭವಾಗಿ ಏಳುವುದಿಲ್ಲ. ಬಣ್ಣ ತಿಳಿಯಾದ್ದರಿಂದ ಗೆರೆಗಳೂ ಚೆಂಡೂ ಸ್ಪಷ್ಟವಾಗಿ ಕಾಣುತ್ತವೆ. ಗಡಸುತನವನ್ನು ಅಳೆಯುವ ಜಾಂಕಾ ಎಂಬ ಮಾಪನದಲ್ಲಿ ಗಟ್ಟಿಮೇಪಲ್ಲಿಗೆ 1450 ಅಂಕ, ಕೆಂಪು ಓಕಿಗೆ 1290. ಸುಮಾರು ಎರಡು ಸೆಂಟಿಮೀಟರ್ ದಪ್ಪ, ಎರಡೂಕಾಲು ಇಂಚು ಅಗಲದ ಪಟ್ಟಿಗಳನ್ನಾಗಿ ಸೀಳಿ, ಒಂದರ ನಾಲಗೆಯನ್ನು ಇನ್ನೊಂದರ ಕೊರಕಲಿಗೆ ಸೇರಿಸಿ ಇದನ್ನು ಹಾಸುತ್ತಾರೆ.

ಮೇಪಲ್ ಸಿಗದಾಗ ಓಕ್ ಕೂಡ ಕೀರ್ತಿ ಗಳಿಸಿದ್ದುಂಟು. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ, 1946ರಲ್ಲಿ, ಬಾಸ್ಟನ್ ನಗರದ ಸೆಲ್ಟಿಕ್ಸ್ ತಂಡಕ್ಕೆ ಅಂಕಣ ಬೇಕಾಯಿತು. ಉದ್ದನೆಯ ಮರಕ್ಕೆ ಅಭಾವವಿದ್ದ ಕಾಲ. ದೊರೆತ ಓಕಿನ ಗಿಡ್ಡ ತುಂಡುಗಳನ್ನೇ ಅಡ್ಡಡ್ಡ ಉದ್ದುದ್ದ ಜೋಡಿಸಿ ಐದಡಿ ಚೌಕದ ಹಲಗೆಗಳನ್ನಾಗಿ ಮಾಡಿ, ಬೋಲ್ಟುಗಳಿಂದ ಒಂದಕ್ಕೊಂದು ಬಿಗಿದರು. ಬಡತನದ ಉಪಾಯವಾಗಿ ಹುಟ್ಟಿದ ಆ ಚೌಕಳಿ ವಿನ್ಯಾಸವೇ ತಂಡದ ಗುರುತಾಯಿತು. 1952ರಲ್ಲಿ ಬಾಸ್ಟನ್ ಗಾರ್ಡನ್ ಎಂಬ ಸಭಾಂಗಣಕ್ಕೂ, 1995ರಲ್ಲಿ ಹೊಸ ಕಟ್ಟಡಕ್ಕೂ ಅದೇ ನೆಲ ತಂಡದೊಡನೆ ಸಾಗಿತು. 1999ರ ಡಿಸೆಂಬರಿನಲ್ಲಿ ನಿವೃತ್ತಿ ಪಡೆಯಿತು. ಆ ನೆಲದಲ್ಲಿ ಚೆಂಡು ಏಳದ ಸತ್ತ ಜಾಗಗಳಿವೆ, ಅವು ಎಲ್ಲೆಲ್ಲಿವೆಯೆಂಬುದು ಮನೆಯ ತಂಡಕ್ಕೆ ಮಾತ್ರ ಗೊತ್ತು, ಎದುರಾಳಿಯನ್ನು ಅವರು ಅಲ್ಲಿಗೇ ಅಟ್ಟುತ್ತಾರೆ ಎಂಬ ಪ್ರತೀತಿ ಹಲವು ದಶಕ ಬಾಳಿತು. ನೆಲ ಡೊಂಕೆಂಬ ದೂರು ಅಲ್ಲಿಯೂ ತಪ್ಪಲಿಲ್ಲ!

ಮೇಪಲ್ಲಿಗೆ ಇಷ್ಟೊಂದು ಹೊಗಳಿಕೆ ಇದ್ದರೂ ಮಂಡಿಯನ್ನು ಕಾಯುವುದು ಆ ಪಟ್ಟಿಯೊಂದೇ ಅಲ್ಲ. ಅದನ್ನು ನೇರವಾಗಿ ಕಾಂಕ್ರೀಟಿಗೆ ಅಂಟಿಸಿದರೆ ಕಾಲಿಗೆ ಹೆಚ್ಚಿನ ಪ್ರಯೋಜನವಿಲ್ಲ. ಗುಟ್ಟು ಇರುವುದು ಕೆಳಗೆ. ಕಾಂಕ್ರೀಟಿನ ಮೇಲೆ ತೇವ ತಡೆಯುವ ಹಾಳೆ. ಅದರ ಮೇಲೆ ರಬ್ಬರಿನ ಸಣ್ಣ ಮೆತ್ತೆಗಳು. ಮೆತ್ತೆಗಳ ಮೇಲೆ ಮರದ ರೀಪುಗಳು ಅಥವಾ ಎರಡು ಪದರ ಪ್ಲೈವುಡ್. ಎಲ್ಲಕ್ಕಿಂತ ಮೇಲೆ ಮೇಪಲ್, ಅದರ ಮೇಲೆ ಪಾಲಿಯುರೆಥೇನಿನ ಪಾರದರ್ಶಕ ಲೇಪ. ಹೀಗೆ ಕಟ್ಟಿದ ನೆಲ ಮೇಲೆ ಗಟ್ಟಿ, ಕೆಳಗೆ ಮೃದು. ಆರುನೂರು ಗ್ರಾಮಿನ ಆಸುಪಾಸಿನ ಚೆಂಡು ಕಣ್ಣುಮಿಟುಕಿಸುವುದರೊಳಗೆ ತಾಗಿ ಎದ್ದುಹೋಗುತ್ತದೆ. ಅಷ್ಟು ಹಗುರದ, ಅಷ್ಟು ಕ್ಷಣಿಕದ ಪೆಟ್ಟಿಗೆ ಕೆಳಗಿನ ಮೆತ್ತೆ ಕದಲುವುದಿಲ್ಲ. ನೆಗೆದಿಳಿಯುವ ಮನುಷ್ಯ ತನ್ನ ತೂಕದ ಹಲವು ಪಟ್ಟು ಬಲದಿಂದ, ಹೆಚ್ಚು ಹೊತ್ತು ನೆಲವನ್ನು ಒತ್ತುತ್ತಾನೆ. ಆಗ ಇಡೀ ಹಲಗೆ ಕೆಲವು ಮಿಲಿಮೀಟರು ಬಾಗಿ ಹೊಡೆತವನ್ನು ಸುತ್ತಲಿಗೆ ಹಂಚುತ್ತದೆ. ಗಟ್ಟಿಯೂ ಆಗಬೇಕು, ಮೆತ್ತಗೂ ಆಗಬೇಕೆಂಬ ಇಕ್ಕಟ್ಟು ಬಿಡಿಸಿಕೊಂಡದ್ದು ಹೀಗೆ.

ಇದು ಊಹೆಯ ಮಾತಲ್ಲ, ಅಳೆದು ನೋಡಬಹುದಾದದ್ದು. ಜರ್ಮನಿಯವರು ರೂಪಿಸಿದ ಡಿ.ಐ.ಎನ್. 18032 ಎಂಬ ಮಾನಕ ಈ ಕ್ಷೇತ್ರದಲ್ಲಿ ಬಹುಕಾಲ ಮಾರ್ಗದರ್ಶಿಯಾಗಿತ್ತು. ಅದರಲ್ಲಿ ಕಾಂಕ್ರೀಟನ್ನು ಸೊನ್ನೆಯೆಂದು ಹಿಡಿಯುತ್ತಾರೆ: ಹೊಡೆತದಲ್ಲಿ ಅದು ಏನನ್ನೂ ಹೀರಿಕೊಳ್ಳದು, ಎಲ್ಲವನ್ನೂ ಕಾಲಿಗೇ ಹಿಂದಿರುಗಿಸುತ್ತದೆ. ಒಳ್ಳೆಯ ಕ್ರೀಡಾನೆಲ ಅದಕ್ಕಿಂತ ಶೇ 53ರಷ್ಟಾದರೂ ಹೊಡೆತವನ್ನು ತಗ್ಗಿಸಬೇಕು. ಆದರೂ ಕಾಂಕ್ರೀಟಿನ ಮೇಲೆ ಚೆಂಡು ಪುಟಿಯುವ ಎತ್ತರದ ಶೇ 90ರಷ್ಟಾದರೂ ಈ ನೆಲದಲ್ಲಿ ಪುಟಿಯಬೇಕು ಎಂಬುದು ಅದರ ಷರತ್ತು. ಶಾಲೆಗಳ ಬರಿಯ ಸಿಮೆಂಟು ಅಂಕಣದಲ್ಲಿ ದಿನಕ್ಕೆ ನೂರು ಸಲ ನೆಗೆಯುವ ಬಾಲಕನ ಮಂಡಿ ಎದುರಿಸುತ್ತಿರುವುದು ಆ ಸೊನ್ನೆಯನ್ನು. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಸವೆದು ನೋಯುವ ತೊಂದರೆಗೆ ವೈದ್ಯರು ಜಿಗಿತಗಾರರ ಮಂಡಿ ಎಂದೇ ಹೆಸರಿಟ್ಟಿದ್ದಾರೆ; ಬಾಸ್ಕೆಟ್‌ಬಾಲ್ ಮತ್ತು ವಾಲಿಬಾಲ್ ಆಡುವವರಲ್ಲಿ ಅದು ಸಾಮಾನ್ಯ.

ಹಾಗಾದರೆ ಎಲ್ಲ ಶಾಲೆಗಳೂ ಮೇಪಲ್ ತರಿಸಲಿ ಎಂದರೆ, ಹಣದ ಮಾತು ಒತ್ತಟ್ಟಿಗಿರಲಿ, ಗಾಳಿಯೇ ಒಪ್ಪುವುದಿಲ್ಲ. ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತ ಬಿಡುತ್ತ ಇರುತ್ತದೆ. ಮೇಪಲ್ ಪಟ್ಟಿಗಳು ಕಾರ್ಖಾನೆಯಿಂದ ಹೊರಡುವಾಗ ಅವುಗಳಲ್ಲಿ ಶೇ 6ರಿಂದ 9ರಷ್ಟು ತೇವವಿರುತ್ತದೆ. ಹಾಸಿದ ಕೋಣೆಯ ಗಾಳಿಯ ಆರ್ದ್ರತೆ ಶೇ 35ರಿಂದ 50ರೊಳಗೆ ಇರಬೇಕೆಂಬುದು ತಯಾರಕರ ಸೂಚನೆ. ಕಾಸರಗೋಡಿನ ಆಟಿ ತಿಂಗಳ ಗಾಳಿಯಲ್ಲಿ ಆರ್ದ್ರತೆ ಶೇ 85ನ್ನು ದಾಟಿ ನಿಲ್ಲುತ್ತದೆ. ಅಂಥ ಗಾಳಿಯಲ್ಲಿ ಮರದ ತೇವ ಸುಮಾರು ದುಪ್ಪಟ್ಟಾಗುತ್ತದೆ. ಮಳೆಗಾಲದಲ್ಲಿ ಕದ ಬಿಗಿಯಾಗಿ ಮುಚ್ಚಲಾರದೆ ಒದ್ದಾಡುವ ಮನೆಯವರಿಗೆ ಈ ವಿದ್ಯಮಾನವನ್ನು ವಿವರಿಸಬೇಕಾಗಿಲ್ಲ. ಒಂದು ಕದಕ್ಕೆ ಆಗುವುದು ಹದಿನೈದು ಮೀಟರ್ ಅಗಲದ ನೆಲಕ್ಕೆ ಆದರೆ ಪಟ್ಟಿಗಳು ಒಂದನ್ನೊಂದು ದೂಡಿ ಬೆನ್ನೆತ್ತಿ ನಿಲ್ಲುತ್ತವೆ. ಅದಕ್ಕೆಂದೇ ಗೋಡೆಯ ಬುಡದಲ್ಲಿ ಸುಮಾರು ಎರಡು ಇಂಚಿನ ಸಂದು ಬಿಟ್ಟಿರುತ್ತಾರೆ. ಇಡೀ ವರ್ಷ ಗಾಳಿಯನ್ನು ಹದದಲ್ಲಿಡುವ ಯಂತ್ರವಿಲ್ಲದ ಕಡೆ ಆ ಸಂದೂ ಸಾಲದು.

ತೇವದ ಇನ್ನೊಂದು ಪೆಟ್ಟು ಜಾರುವಿಕೆ. ಅಮೆರಿಕದ ವಿಶ್ವವಿದ್ಯಾಲಯ ತಂಡಗಳ ನಡುವೆ ವಿಮಾನವಾಹಕ ನೌಕೆಯ ಮೇಲೆ ಪಂದ್ಯ ನಡೆಸುವ ಸಂಭ್ರಮ 2011ರ ನವೆಂಬರಿನಲ್ಲಿ ಆರಂಭವಾಯಿತು. ಸ್ಯಾನ್ ಡಿಯೇಗೊ ಬಂದರಿನಲ್ಲಿ ಅಧ್ಯಕ್ಷ ಒಬಾಮಾ ಅವರೇ ಪ್ರೇಕ್ಷಕರಾಗಿದ್ದರು. ಮರುವರ್ಷ ನವೆಂಬರ್ 9ರಂದು ದಕ್ಷಿಣ ಕೆರೊಲಿನಾದ ತೀರದಲ್ಲಿ ಯಾರ್ಕ್‌ಟೌನ್ ಎಂಬ ನೌಕೆಯ ಮೇಲೆ ಮತ್ತೊಂದು ಪಂದ್ಯ ಏರ್ಪಟ್ಟಿತು. ಸಂಜೆಯ ತಂಪಿಗೆ ಕಡಲಗಾಳಿಯ ತೇವ ಅಂಕಣದ ಮೇಲೆ ಇಬ್ಬನಿಯಾಗಿ ಕೂತಿತು. ಆಟಗಾರರೂ ತರಬೇತುದಾರರೂ ಬಟ್ಟೆ ಹಿಡಿದು ಒರೆಸಿದರು. ಒರೆಸಿದಷ್ಟೂ ಮತ್ತೆ ಒಸರಿತು. ಪಂದ್ಯ ರದ್ದಾಯಿತು. ಅದೇ ರಾತ್ರಿ ಫ್ಲಾರಿಡಾದ ತೀರದಲ್ಲಿ ಮತ್ತೊಂದು ನೌಕೆಯ ಮೇಲೆ ಆರಂಭವಾದ ಪಂದ್ಯವನ್ನೂ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮಳೆಯ ಹನಿಯೊಂದೂ ಬೀಳದೆ ಕೆಟ್ಟ ಆಟಗಳಿವು. ಕಡಲತಡಿಯ ಊರುಗಳು ಇದರಿಂದ ಕಲಿಯಬೇಕಾದದ್ದಿದೆ.

ಈ ದೇಶಕ್ಕೆ ಬಾಸ್ಕೆಟ್‌ಬಾಲ್ ಬಂದದ್ದೂ ವೈ.ಎಂ.ಸಿ.ಎ. ಮೂಲಕವೇ. ದೈಹಿಕ ಶಿಕ್ಷಣಕ್ಕೆ ಹೆಸರಾದ ಅದರ ಕಾಲೇಜು ಮದರಾಸಿನಲ್ಲಿ 1920ರಲ್ಲಿ ಸ್ಥಾಪನೆಯಾದಾಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆದರೆ ಸ್ಪ್ರಿಂಗ್‌ಫೀಲ್ಡಿನಲ್ಲಿ ಹಿಮಕ್ಕೆ ಹೆದರಿ ಒಳಗೆ ಹುಟ್ಟಿದ ಆಟ ಇಲ್ಲಿ ಹೆಚ್ಚಾಗಿ ಬಯಲಲ್ಲೇ ಬೆಳೆಯಿತು. ಮಣ್ಣಿನ ನೆಲ ಕಾಲಿಗೆ ಹಿತ. ಕಬಡ್ಡಿಗೂ ಕೊಕ್ಕೊಗೂ ಅದು ತಾಯಿಯಂತೆ. ಬಾಸ್ಕೆಟ್‌ಬಾಲಿಗೆ ಅದು ಬರ್ಲಿನ್ನಿನ ಪಾಠವನ್ನು ಪ್ರತಿ ಮಳೆಗಾಲದಲ್ಲಿಯೂ ನೆನಪಿಸುತ್ತದೆ. ಅದಕ್ಕಾಗಿ ಸಿಮೆಂಟು ಬಂತು, ಸಿಮೆಂಟಿನ ಮೇಲೆ ಬಣ್ಣ ಬಂತು.

ಬಯಲಿನ ಅಂಕಣಕ್ಕೆ ಇಂದು ಮುಖ್ಯವಾಗಿ ಬಳಕೆಯಲ್ಲಿರುವುದು ಅಕ್ರಿಲಿಕ್. ಗಟ್ಟಿಯಾದ ಕಾಂಕ್ರೀಟ್ ಅಥವಾ ಡಾಂಬರಿನ ತಳದ ಮೇಲೆ ನಯವಾದ ಮರಳು ಬೆರೆಸಿದ ಅಕ್ರಿಲಿಕ್ಕನ್ನು ಹಲವು ಪದರಗಳಾಗಿ ಎಳೆಯುತ್ತಾರೆ. ಬಿಸಿಲನ್ನು ತಡೆಯುತ್ತದೆ, ಮಳೆ ನಿಂತ ಮೇಲೆ ಬೇಗ ಆರುತ್ತದೆ, ಮರಳಿನಿಂದಾಗಿ ಹಿಡಿತವಿರುತ್ತದೆ. ಆದರೆ ಸಾಮಾನ್ಯ ಅಕ್ರಿಲಿಕ್ಕಿನ ಒಟ್ಟು ದಪ್ಪ ಎರಡು ಮೂರು ಮಿಲಿಮೀಟರಿನೊಳಗೆ. ಅಷ್ಟು ತೆಳ್ಳಗಿನ ಲೇಪ ಕಣ್ಣಿಗೆ ತಂಪು, ಮಂಡಿಗೆ ಕಾಂಕ್ರೀಟೇ. ಅದರಡಿಯಲ್ಲಿ ರಬ್ಬರಿನ ಹರಳುಗಳನ್ನು ಬೆರೆಸಿದ ಮೆತ್ತನೆಯ ಪದರಗಳನ್ನು ಸೇರಿಸಿದರೆ ಸ್ವಲ್ಪ ಉಪಕಾರವುಂಟು. ಎಸ್ಟಿಮೇಟಿನಲ್ಲಿ ಖರ್ಚು ತಗ್ಗಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ಆ ಪದರಗಳಿಗೆ. ಪೂರ್ತಿಯಾದ ಅಂಕಣದಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲವಲ್ಲ.

ಅಕ್ರಿಲಿಕ್ ಏಳುವುದೂ ಬೀಳುವುದೂ ಅದರ ತಳದ ಜೊತೆಯಲ್ಲಿ. ಕಾಂಕ್ರೀಟಿಗೆ ಇಪ್ಪತ್ತೆಂಟು ದಿನ ತುಂಬಿ ಅದು ಚೆನ್ನಾಗಿ ಆರಿದ ಮೇಲಷ್ಟೇ ಲೇಪ ಹಾಕಬೇಕು; ಅದಕ್ಕೂ ಮುನ್ನ ಹಾಕಿದರೆ ಒಳಗಿನ ತೇವ ಹೊರಬರಲು ಹವಣಿಸಿ ಬೊಕ್ಕೆಗಳೆದ್ದು ಬಣ್ಣ ಸುಲಿಯುತ್ತದೆ. ತಳದ ಕೆಳಗೆ ತೇವ ತಡೆಯುವ ಹಾಳೆ ಹಾಸದಿದ್ದರೆ ನೆಲದ ನೀರೇ ಮೇಲೇರಿ ಅದೇ ಕೆಲಸ ಮಾಡುತ್ತದೆ. ಮುರಕಲ್ಲಿನ ಗುಡ್ಡ ಕಡಿದು ಒಂದು ಬದಿಗೆ ಮಣ್ಣು ತುಂಬಿ ಸಮತಟ್ಟು ಮಾಡಿದ ಮೈದಾನಗಳಲ್ಲಿ ಇನ್ನೊಂದು ಅಪಾಯವಿದೆ: ಕಡಿದ ಭಾಗ ಕಲ್ಲಾಗಿ ನಿಲ್ಲುತ್ತದೆ, ತುಂಬಿದ ಭಾಗ ಒಂದೆರಡು ಮಳೆಗಾಲಗಳಲ್ಲಿ ಕುಸಿಯುತ್ತದೆ, ನಡುವೆ ಅಂಕಣ ಸೀಳುತ್ತದೆ. ತುಂಬಿದ ಮಣ್ಣನ್ನು ಪದರಪದರವಾಗಿ ನೀರು ಹಾಕಿ ರೋಲರ್ ಓಡಿಸಿ ಕೂರಿಸದೆ ಮೇಲೆ ಎಂಥ ಬಣ್ಣ ಬಳಿದರೂ ವ್ಯರ್ಥ.

ನೀರಿನ ಲೆಕ್ಕವನ್ನೂ ಮಾಡಬೇಕು. ಅಂತಾರಾಷ್ಟ್ರೀಯ ಅಳತೆಯ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತಲೂ ಎರಡು ಮೀಟರ್ ಬಯಲು ಸೇರಿದರೆ 32ಕ್ಕೆ 19, ಅಂದರೆ 608 ಚದರ ಮೀಟರ್. ಒಂದು ದಿನ 50 ಮಿಲಿಮೀಟರ್ ಮಳೆ ಬಿದ್ದರೆ ಇಷ್ಟು ಜಾಗದ ಮೇಲೆ ಸುರಿಯುವ ನೀರು ಮೂವತ್ತು ಸಾವಿರ ಲೀಟರು. ಇದು ಹರಿದುಹೋಗಲು ನೂರಕ್ಕೆ ಒಂದರಂತೆ ಒಂದೇ ಕಡೆಗೆ ಇಳಿಜಾರು ಬೇಕು. ಹತ್ತೊಂಬತ್ತು ಮೀಟರ್ ಅಗಲಕ್ಕೆ ಹತ್ತೊಂಬತ್ತು ಸೆಂಟಿಮೀಟರ್ ತಗ್ಗು. ಆಟಕ್ಕೆ ಅದು ಅಡ್ಡಿಯಾಗದು. ನಡುವಿನಿಂದ ನಾಲ್ಕು ದಿಕ್ಕಿಗೆ ಇಳಿಸುವುದು, ಇಲ್ಲವೆ ಹರಿದ ನೀರಿಗೆ ಚರಂಡಿಯನ್ನೇ ಮಾಡದಿರುವುದು ಅಂಕಣವನ್ನು ಕೆಡಿಸುವ ದಾರಿಗಳು. ನೀರು ನಿಂತಲ್ಲಿ ಪಾಚಿ ಕಟ್ಟುತ್ತದೆ. ಮಳೆಗಾಲದ ಅಂಗಳದಲ್ಲಿ ಜಾರದಂತೆ ಅಡಿಕೆ ಮರದ ಸೀಳು ಹಾಸಿ ನಡೆಯುವ ಜನರಿಗೆ ಪಾಚಿಯ ಮೇಲೆ ಓಡುವ ಮಗುವಿನ ಗತಿಯನ್ನು ಹೇಳಬೇಕಾಗಿಲ್ಲ.

ಮೂರನೆಯ ಬಗೆ ಬಿಡಿಬಿಡಿ ಪ್ಲಾಸ್ಟಿಕ್ ಬಿಲ್ಲೆಗಳದು. ಪಾಲಿಪ್ರೊಪಿಲೀನಿನಿಂದ ಎರಕಹೊಯ್ದ ಚೌಕಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಜೋಡಿಸುತ್ತಾರೆ. ಜಾಲರಿಯಂತಿರುವುದರಿಂದ ಮಳೆನೀರು ಕೆಳಗಿಳಿದು ಹೋಗುತ್ತದೆ. ಒಂದು ಬಿಲ್ಲೆ ಒಡೆದರೆ ಅದನ್ನಷ್ಟೇ ಬದಲಿಸಬಹುದು, ಬೇಕಾದಾಗ ಇಡೀ ಅಂಕಣವನ್ನೇ ಎತ್ತಿ ಒಯ್ಯಬಹುದು. ಇವಕ್ಕೂ ಸಮತಟ್ಟಾದ ಗಟ್ಟಿತಳ ಬೇಕು. ತಳ ತಗ್ಗಾದಲ್ಲಿ ಬಿಲ್ಲೆ ಟೊಳ್ಳಾಗಿ ಚೆಂಡು ಸಾಯುತ್ತದೆ. ಬಿಸಿಲಿಗೆ ಇದು ಹಿಗ್ಗುವ ವಸ್ತು. 28 ಮೀಟರ್ ಉದ್ದದ ಹಾಸು ಮೂವತ್ತು ಡಿಗ್ರಿ ಬಿಸಿಯೇರಿದರೆ ಎಂಟು ಸೆಂಟಿಮೀಟರಿಗೂ ಮಿಗಿಲಾಗಿ ಹಿಗ್ಗಲು ಹವಣಿಸುತ್ತದೆ. ಬಿಲ್ಲೆಗಳ ಕೊಕ್ಕೆಯಲ್ಲಿ ಅದಕ್ಕೆ ಸಡಿಲವಿರಬೇಕು, ಅಂಚನ್ನು ಕಟ್ಟೆಕಟ್ಟಿ ಬಂಧಿಸಬಾರದು. ಸೊಲ್ಲಾಪುರ, ಜತ್ತಗಳಂಥ ಒಣಸೀಮೆಯ ಕನ್ನಡ ಶಾಲೆಗಳಿಗೆ ಮಳೆಗಿಂತ ಈ ಬಿಸಿಲಿನ ಲೆಕ್ಕವೇ ಮುಖ್ಯ; ಕಡುಬಣ್ಣದ ನೆಲ ಮಧ್ಯಾಹ್ನ ಎಷ್ಟು ಸುಡುತ್ತದೆಂಬುದನ್ನೂ ಅಲ್ಲಿಯವರು ನೋಡಬೇಕು.

ಮಾಡು ಇದ್ದು ಯಂತ್ರದ ತಂಪಿಲ್ಲದ ಸಭಾಂಗಣಗಳಿಗೆ ಪಾಲಿಯುರೆಥೇನ್ ಅಥವಾ ವಿನೈಲ್ ಹೊಂದುತ್ತದೆ. ರಬ್ಬರಿನ ಹಾಸನ್ನು ತಳಕ್ಕೆ ಅಂಟಿಸಿ ಅದರ ಮೇಲೆ ಪಾಲಿಯುರೆಥೇನನ್ನು ದೋಸೆಹಿಟ್ಟಿನಂತೆ ಸುರಿದು ಹರಡಿದರೆ ಅದು ತಾನಾಗಿ ಸಮವಾಗಿ ಗಟ್ಟಿಯಾಗುತ್ತದೆ. ಎಲ್ಲಿಯೂ ಸಂದಿಲ್ಲದ ನೆಲ ಸಿದ್ಧವಾಗುತ್ತದೆ. ವಿನೈಲ್ ಸುರುಳಿಯಾಗಿ ಬರುತ್ತದೆ, ಬೆನ್ನಿಗೆ ನೊರೆಯ ಮೆತ್ತೆ ಇರುತ್ತದೆ. ಇವು ತೇವಕ್ಕೆ ಮರದಂತೆ ಬಾಗುವುದಿಲ್ಲ. ಆದರೆ ಮರದ ಹಲಗೆ ಹೊಡೆತವನ್ನು ಸುತ್ತಲೂ ಹಂಚಿದರೆ, ಇವು ಪಾದದ ಕೆಳಗಷ್ಟೇ ತಗ್ಗುತ್ತವೆ. ಹಿಡಿತವೂ ಸಾಮಾನ್ಯವಾಗಿ ಹೆಚ್ಚು.

ಹಿಡಿತ ಹೆಚ್ಚಾದಷ್ಟೂ ಒಳ್ಳೆಯದೆಂಬುದು ಸಾಮಾನ್ಯ ನಂಬಿಕೆ. ನಾರ್ವೆ ದೇಶದ ಸಂಶೋಧಕರು ಹ್ಯಾಂಡ್‌ಬಾಲ್ ಆಟಗಾರರನ್ನು ಕುರಿತು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಿಸಿತು. ಮಂಡಿಯೊಳಗೆ ಎಲುಬುಗಳನ್ನು ಬಿಗಿದು ಹಿಡಿಯುವ ಎ.ಸಿ.ಎಲ್. ಎಂಬ ಕಟ್ಟು ಹರಿಯುವ ಸಂಭವ, ಮಹಿಳೆಯರಲ್ಲಿ, ಮರದ ನೆಲಕ್ಕಿಂತ ಕೃತಕ ನೆಲದ ಮೇಲೆ ಹೆಚ್ಚಾಗಿ ಕಂಡುಬಂತು. ಪುರುಷರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಓಡುತ್ತ ಬಂದ ದೇಹ ತಿರುಗುವಾಗ ಪಾದ ತುಸು ಜಾರಿಕೊಟ್ಟರೆ ತಿರುಚು ನೆಲದಲ್ಲಿ ಕಳೆಯುತ್ತದೆ. ಪಾದ ಅಂಟಿಕೊಂಡರೆ ಆ ತಿರುಚನ್ನು ಮಂಡಿಯೇ ಉಣ್ಣಬೇಕಾಗುತ್ತದೆ. ಈ ಕಟ್ಟು ಒಮ್ಮೆ ಹರಿದರೆ ಆಟಕ್ಕೆ ಮರಳಲು ಹಲವರಿಗೆ ಶಸ್ತ್ರಚಿಕಿತ್ಸೆಯೂ ತಿಂಗಳುಗಟ್ಟಲೆ ಶುಶ್ರೂಷೆಯೂ ಬೇಕಾಗುತ್ತವೆ. ನಗರದ ಅಕಾಡೆಮಿಯ ಬಾಲಕಿಗೆ ಇದು ಒಂದು ಹಂಗಾಮಿನ ನಷ್ಟವಾಗಬಹುದು. ಮನೆಯವರ ಒಪ್ಪಿಗೆಯನ್ನು ಕಷ್ಟಪಟ್ಟು ಪಡೆದು ಅಂಕಣಕ್ಕೆ ಬಂದ ಹಳ್ಳಿಯ ಬಾಲಕಿಗೆ ಅದೇ ಕೊನೆಯ ಆಟವಾಗಲೂಬಹುದು. ಹುಡುಗಿಯರ ತಂಡ ಕಟ್ಟಲು ಹೊರಟ ಶಾಲೆ ಅದಕ್ಕಾಗಿಯೇ ನೆಲದ ಹಿಡಿತವನ್ನು ಕೇಳಿ ತಿಳಿಯಬೇಕು.

ಜಗತ್ತು ಈ ನಡುವೆ ಗಾಜಿಗೂ ಕೈಹಾಕಿದೆ. ಜರ್ಮನಿಯ ಸಂಸ್ಥೆಯೊಂದು ರೂಪಿಸಿದ ಅಂಕಣದಲ್ಲಿ ಪದರಗಾಜಿನ ಹಲಗೆಗಳು ಬಾಗಬಲ್ಲ ಅಲ್ಯುಮಿನಿಯಂ ಚೌಕಟ್ಟಿನ ಮೇಲೆ ಕೂತಿರುತ್ತವೆ. ಜಾರದಂತೆ ಗಾಜಿನ ಮೈಮೇಲೆ ಸೆರಾಮಿಕ್ ಚುಕ್ಕೆಗಳಿರುತ್ತವೆ. ಗೆರೆಗಳನ್ನು ಕೆಳಗಿನ ಎಲ್.ಇ.ಡಿ. ದೀಪಗಳು ಮೂಡಿಸುತ್ತವೆ. 2023ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ನಡೆದ ಹತ್ತೊಂಬತ್ತರೊಳಗಿನ ಮಹಿಳೆಯರ ವಿಶ್ವಕಪ್ಪನ್ನು ಇಂಥ ನೆಲದ ಮೇಲೆ ಆಡಿಸಿದರು. ಬೆರಗು ಹುಟ್ಟಿಸುವ ಈ ಯಂತ್ರನೆಲದಲ್ಲಿಯೂ ಹಳೆಯ ಸೂತ್ರವೇ ಇದೆ: ಮೇಲೆ ಗಟ್ಟಿ, ಕೆಳಗೆ ಬಾಗುವ ಆಧಾರ. ಬದಲಾದದ್ದು ಹೊದಿಕೆ ಮಾತ್ರ.

ಹಾಗಾದರೆ ಸಾಧಾರಣ ಶಾಲೆಯೊಂದು ಮಾಡಬಹುದಾದದ್ದು ಏನು? ಇರುವ ಹಣದಲ್ಲಿ ಮಣ್ಣನ್ನು ಕೂರಿಸುವುದಕ್ಕೆ, ತಳಕ್ಕೆ, ಇಳಿಜಾರಿಗೆ, ಚರಂಡಿಗೆ ಮೊದಲ ಪಾಲು ಸಲ್ಲಲಿ. ಎರಡನೆಯ ಪಾಲು ಮೆತ್ತನೆಯ ಪದರಕ್ಕಿರಲಿ. ಇಡೀ ಅಂಕಣಕ್ಕೆ ಹಣ ಸಾಲದಿದ್ದರೆ ನೆಗೆತಗಳು ಹೆಚ್ಚಾಗಿ ನಡೆಯುವ ಬುಟ್ಟಿಯ ಸುತ್ತ ಒಂದೇ ಅರ್ಧಾಂಕಣವನ್ನು ಚೆನ್ನಾಗಿ ಮಾಡಿಸುವುದು ಲೇಸು. ಕಾಂಕ್ರೀಟು ಹಾಕುವ ಕೆಲಸ ಮಳೆ ಬಿಟ್ಟ ಮೇಲೆ ಆರಂಭವಾಗಿ, ಲೇಪದ ಕೆಲಸ ಬೇಸಗೆ ಮುಗಿಯುವ ಮುನ್ನ ಪೂರೈಸಲಿ. ಉದ್ಘಾಟನೆಯ ದಿನ ಗೊತ್ತಾಗಿದೆಯೆಂದು ಕ್ಯೂರಿಂಗಿನ ದಿನಗಳನ್ನು ಕಡಿಯುವುದು ಬೇಡ. ಬಣ್ಣಕ್ಕೂ ಫಲಕಕ್ಕೂ ಉಳಿದದ್ದು ಸಾಕು. ಸಿಮೆಂಟಿನ ಅಂಕಣವಷ್ಟೇ ಇರುವ ಶಾಲೆಯೂ ಕೈಕಟ್ಟಿ ಕೂರಬೇಕಿಲ್ಲ: ನೆಗೆತದ ಅಭ್ಯಾಸವನ್ನು ಮಣ್ಣಿನಲ್ಲಿಯೋ ಹುಲ್ಲಿನಲ್ಲಿಯೋ ಮಾಡಿಸಿ, ಸಿಮೆಂಟಿನ ಮೇಲೆ ಎಸೆತ ಮತ್ತು ಪುಟಿಸುವಿಕೆಯ ಅಭ್ಯಾಸವನ್ನು ಮಾಡಿಸಬಹುದು.

ಗುತ್ತಿಗೆದಾರನಿಗೆ ಕೊನೆಯ ಕಂತು ಕೊಡುವ ಮುನ್ನ ಎರಡು ಪರೀಕ್ಷೆಗಳನ್ನು ಯಾರಾದರೂ ಮಾಡಬಹುದು. ಸರಿಯಾಗಿ ಗಾಳಿ ತುಂಬಿದ ಚೆಂಡನ್ನು 1.8 ಮೀಟರ್ ಎತ್ತರದಿಂದ, ಅದರ ತಳವನ್ನು ಲೆಕ್ಕಹಿಡಿದು, ಬಿಡಬೇಕು. ಪುಟಿದ ಚೆಂಡಿನ ನೆತ್ತಿ 1.2ರಿಂದ 1.4 ಮೀಟರಿನ ನಡುವೆ ಬರಬೇಕೆಂಬುದು ನಿಯಮಗ್ರಂಥಗಳು ಬಹುಕಾಲ ಹೇಳಿಕೊಂಡು ಬಂದ ಅಳತೆ. ಅಂಕಣದ ಇಪ್ಪತ್ತು ಕಡೆಗಳಲ್ಲಿ ಹೀಗೆ ಬಿಟ್ಟು ನೋಡಿದರೆ ಸತ್ತ ಜಾಗಗಳು ತಾವಾಗಿ ಬಾಯಿಬಿಡುತ್ತವೆ. ಎರಡನೆಯದು ಬಯಲಿನ ಅಂಕಣಕ್ಕೆ: ಬಿಸಿಲಿರುವ ದಿನ ಇಡೀ ನೆಲಕ್ಕೆ ನೀರು ಹಾಯಿಸಿ ಒಂದು ತಾಸು ಬಿಡಬೇಕು. ಆಮೇಲೂ ನೀರು ನಿಂತ ಜಾಗವಿದ್ದರೆ ಅಲ್ಲೊಂದು ನಾಣ್ಯವನ್ನು ಇಟ್ಟು ನೋಡಬೇಕು. ನಾಣ್ಯ ಮುಳುಗಿದರೆ ನೆಲ ನಿಜವಾಗಿಯೂ ಡೊಂಕು. ದುರಸ್ತಿಯಾಗುವ ತನಕ ಹಣ ಸಂಘದ ಪೆಟ್ಟಿಗೆಯಲ್ಲೇ ಇರಲಿ.